ಲೈನ್ ಕ್ಲಿಯರ್ ಕೊಡುವವರು

ಮದುವೆಯ ಮಾತುಕತೆ ಕುದುರಿದಾಗ, ಬ್ಯಾಂಕಿನ ಸಾಲ ಮಂಜೂರಾದಾಗ, ಕಚೇರಿಯ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿದಾಗ ‘ಲೈನ್ ಕ್ಲಿಯರ್ ಆಯಿತು’ ಎಂದು ನೀವೂ ಹೇಳಿರುತ್ತೀರಿ. ಈ ಮಾತು ನಮ್ಮ ಆಡುನುಡಿಗೆ ಬಂದದ್ದು ರೈಲ್ವೆಯಿಂದ. ನಮ್ಮ ಬಾಯಲ್ಲಿ ಅದರ ಅರ್ಥ ಸಡಿಲವಾಗಿದೆ. ರೈಲ್ವೆಯಲ್ಲಿ ಅದು ಇಂದಿಗೂ ಬಿಗಿ. ‘ನಿನ್ನ ನಿಲ್ದಾಣಕ್ಕೂ ನನ್ನ ನಿಲ್ದಾಣಕ್ಕೂ ನಡುವಿನ ಹಳಿ ಖಾಲಿ ಇದೆ. ನೀನು ಗಾಡಿ ಕಳಿಸಬಹುದು. ಅದು ನನ್ನಲ್ಲಿಗೆ ಬಂದು ಮುಟ್ಟುವವರೆಗೆ ಆ ಹಳಿಯ ಮೇಲೆ ಬೇರೆ ಯಾವ ಗಾಡಿಗೂ ನಾನು ಒಪ್ಪಿಗೆ ಕೊಡುವುದಿಲ್ಲ.’ ಇಷ್ಟೂ ಮಾತು ಆ ಎರಡು ಪದಗಳಲ್ಲಿ ಅಡಗಿದೆ. ಕೊಟ್ಟವರು ಒಂದು ಊರಿನಲ್ಲಿ, ಪಡೆದವರು ಇನ್ನೊಂದು ಊರಿನಲ್ಲಿ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೂ ಸಾವಿರಾರು ಜನ ಆ ಮಾತನ್ನು ನಂಬಿ ರಾತ್ರಿಯಿಡೀ ಗಾಡಿಯಲ್ಲಿ ನಿದ್ರೆ ಮಾಡುತ್ತಾರೆ.

ದಂಡಿನ ನಿಲ್ದಾಣದಿಂದಲೇ ಹೊರಡೋಣ. ಬೆಂಗಳೂರಿಗೆ ಉಗಿಬಂಡಿ ಮೊದಲು ಬಂದದ್ದು ಪೇಟೆಗಲ್ಲ, ದಂಡಿಗೆ. ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ದಂಡಿನವರೆಗೆ ಹಾಕಿದ ಹಳಿ 1864ರ ಆಗಸ್ಟ್ 1ರಂದು ಸಂಚಾರಕ್ಕೆ ತೆರೆಯಿತು. ಇಂದು ಆ ಹಾದಿಯಲ್ಲಿ ಮಾಲೂರು ದಾಟಿ ಬಂದರೆ ವೈಟ್‌ಫೀಲ್ಡ್, ಹೂಡಿ, ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ಬೆಂಗಳೂರು ಪೂರ್ವ, ಅನಂತರ ದಂಡು. ಶಿವಾಜಿನಗರದ ಮಾರುಕಟ್ಟೆಗೆ ಸೊಪ್ಪು ತರುವವರಿಗೂ, ಹಲಸೂರಿನ ಗಲ್ಲಿಯಲ್ಲಿ ರಾತ್ರಿ ಸಿಳ್ಳು ಕೇಳಿ ಮಗ್ಗುಲಾಗುವವರಿಗೂ ಈ ಹಳಿ ಒಂದೇ ಉದ್ದನೆಯ ಗೆರೆ. ಅದನ್ನು ನಡೆಸುವವರಿಗೆ ಹಾಗಲ್ಲ. ಅವರ ಪಾಲಿಗೆ ಅದು ತುಂಡು ತುಂಡಾಗಿ ಕತ್ತರಿಸಿದ ಹಳಿ. ಎರಡು ನಿಲ್ದಾಣಗಳ ನಡುವಿನ ತುಂಡಿಗೆ ಬ್ಲಾಕ್ ಸೆಕ್ಷನ್ ಎಂದು ಹೆಸರು. ಒಂದು ಹಳಿಯ ಒಂದು ತುಂಡಿನಲ್ಲಿ ಒಂದು ಕಾಲಕ್ಕೆ ಒಂದೇ ಗಾಡಿ ಇರಬೇಕು. ಸಿಗ್ನಲ್ ವಿದ್ಯೆಯೆಲ್ಲ ಹುಟ್ಟಿದ್ದು ಈ ಒಂದು ಸೂತ್ರವನ್ನು ಉಳಿಸಿಕೊಳ್ಳಲು.

ಇಷ್ಟು ಕಟ್ಟುನಿಟ್ಟು ಏಕೆ ಎಂದು ನೀವು ಕೇಳಬಹುದು. ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು ಹೋಗುವುದಿಲ್ಲವೇ? ಹೋಗುತ್ತದೆ, ಏಕೆಂದರೆ ಚಾಲಕನಿಗೆ ಕಂಡಷ್ಟು ದೂರದಲ್ಲಿ ಬಸ್ಸು ನಿಲ್ಲುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ರೈಲು ಬ್ರೇಕು ಹಾಕಿದ ಮೇಲೂ ಮುಕ್ಕಾಲು, ಒಂದು ಕಿಲೋಮೀಟರ್ ಓಡುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ, ಹಿಡಿತ ಕಡಿಮೆ. ಅಡ್ಡ ಇರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮೊದಲ ದಿನಗಳಲ್ಲಿ ಗಡಿಯಾರ ನೋಡಿ, ಮುಂದಿನ ಗಾಡಿ ಹೋಗಿ ಇಷ್ಟು ನಿಮಿಷವಾಯಿತು ಎಂದು ಹಿಂದಿನದನ್ನು ಬಿಡುತ್ತಿದ್ದರು. ಮುಂದೆ ಹೋದದ್ದು ಏರಿನಲ್ಲಿ ನಿಂತುಬಿಟ್ಟಿದ್ದರೆ? ಐರ್ಲೆಂಡಿನ ಅರ್ಮಾ ಎಂಬಲ್ಲಿ 1889ರ ಜೂನ್ 12ರಂದು ಆದದ್ದು ಅದೇ. ಏರಿನಲ್ಲಿ ನಿಂತ ಗಾಡಿಯಿಂದ ಬಿಡಿಸಿದ ಬೋಗಿಗಳು ಹಿಂದಕ್ಕೆ ಉರುಳಿ, ಅನಂತರ ಹೊರಟಿದ್ದ ಮುಂದಿನ ಗಾಡಿಗೆ ಬಡಿದವು. ಸತ್ತವರು 80 ಮಂದಿ. ಅವರಲ್ಲಿ ಬಹಳಷ್ಟು ಜನ ವಿಹಾರಕ್ಕೆ ಹೊರಟಿದ್ದ ಮಕ್ಕಳು. ಅದೇ ವರ್ಷ ಬ್ರಿಟಿಷ್ ಸಂಸತ್ತು ಬ್ಲಾಕ್ ಪದ್ಧತಿಯನ್ನು ಕಡ್ಡಾಯ ಮಾಡಿತು. ನಿಮಿಷದ ಅಂತರ ಹೋಗಿ ಜಾಗದ ಅಂತರ ಬಂತು.

ಈಗ ಸ್ಟೇಷನ್ ಮಾಸ್ತರ ಕೊಠಡಿಯೊಳಗೆ ಬನ್ನಿ. ಹಳೆಯ ಪದ್ಧತಿಯಲ್ಲಿ ಅಲ್ಲಿ ಗಂಟೆಯುಳ್ಳ ಒಂದು ಬ್ಲಾಕ್ ಯಂತ್ರ, ಪಕ್ಕದಲ್ಲಿ ಟೆಲಿಫೋನು ಇರುತ್ತಿತ್ತು. ಅನೇಕ ಕಡೆ ಈಗಲೂ ಇದೆ. ಗಂಟೆಗೊಂದು ಭಾಷೆ. ಒಂದು ಬಡಿತ ಎಂದರೆ ‘ಗಮನವಿಡು, ಫೋನಿಗೆ ಬಾ’. ಎರಡು ಎಂದರೆ ‘ಲೈನ್ ಕ್ಲಿಯರ್ ಇದೆಯೇ?’ ಮೂರು ಎಂದರೆ ‘ಗಾಡಿ ಸೆಕ್ಷನ್ನಿಗೆ ಹೊಕ್ಕಿತು’. ನಾಲ್ಕು ಎಂದರೆ ‘ಗಾಡಿ ಸೆಕ್ಷನ್ ದಾಟಿತು’. ಆರು ಬಡಿತ ಕೇಳಿದರೆ ಎದೆ ಝಲ್ಲೆನ್ನಬೇಕು: ‘ಅಡಚಣೆ, ಅಪಾಯ’. ಕೇಳಿದವರು ಅಷ್ಟೇ ಬಡಿತಗಳನ್ನು ಮರಳಿ ಬಡಿಯಬೇಕು. ಆಗಲೇ ಅದು ಮುಟ್ಟಿದಂತೆ. ಆಚೆಯ ನಿಲ್ದಾಣದವರು ತಮ್ಮ ಯಂತ್ರದ ಹಿಡಿಯನ್ನು ‘ಲೈನ್ ಕ್ಲಿಯರ್’ ಕಡೆಗೆ ತಿರುಗಿಸಿದರೆ ಮಾತ್ರ ಈಚೆಯವರ ಕೊನೆಯ ಸಿಗ್ನಲಿನ ಬೀಗ ಬಿಡುತ್ತದೆ. ಅಂದರೆ ಗಾಡಿಯನ್ನು ಹೊರಡಿಸುವ ಅಧಿಕಾರ ಹೊರಡಿಸುವವರ ಕೈಯಲ್ಲಿಲ್ಲ, ಬರಮಾಡಿಕೊಳ್ಳುವವರ ಕೈಯಲ್ಲಿದೆ. ಈ ವ್ಯವಸ್ಥೆಯ ಜಾಣತನವೆಲ್ಲ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವಸರ ಇರುವವರು ಒಬ್ಬರು, ಬೀಗದ ಕೈ ಇನ್ನೊಬ್ಬರ ಬಳಿ.

ಲೈನ್ ಕ್ಲಿಯರ್ ಕೊಡುವವರೂ ಸುಮ್ಮನೆ ಕೊಡುವಂತಿಲ್ಲ. ಹಿಂದಿನ ಗಾಡಿ ಪೂರ್ತಿಯಾಗಿ ಬಂದಿರಬೇಕು. ಅದರ ಹಿಂದೆ ಸಿಗ್ನಲುಗಳು ಮತ್ತೆ ಅಡ್ಡಕ್ಕೆ ಬಂದಿರಬೇಕು. ಬರುವ ಗಾಡಿಯನ್ನು ತಡೆಯುವ ಮೊದಲ ಸಿಗ್ನಲಿನಿಂದ ಆಚೆಗೂ ಹಳೆಯ ಕೈಮರದ ಪದ್ಧತಿಯಲ್ಲಾದರೆ 400 ಮೀಟರ್, ಬಹುಬಣ್ಣದ ದೀಪದ ಪದ್ಧತಿಯಲ್ಲಾದರೆ 180 ಮೀಟರ್ ಹಳಿ ಖಾಲಿ ಇರಬೇಕು. ಚಾಲಕರು ಒಂದು ವೇಳೆ ಸಿಗ್ನಲ್ ಮೀರಿ ಸ್ವಲ್ಪ ಮುಂದೆ ಬಂದರೂ ಅನಾಹುತವಾಗಬಾರದು. ಮನುಷ್ಯ ತಪ್ಪುತ್ತಾನೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಬಿಟ್ಟ ಜಾಗ ಅದು.

ಒಂಟಿ ಹಳಿಯಲ್ಲಿ ಭಯ ಇನ್ನೂ ದೊಡ್ಡದು, ಏಕೆಂದರೆ ಗಾಡಿ ಎದುರಿನಿಂದಲೂ ಬರಬಹುದು. ಬೈಯಪ್ಪನಹಳ್ಳಿಯಿಂದ ಹೊಸೂರಿನತ್ತ ತಿರುಗುವ ಹಳಿ ಬಹುಕಾಲ ಒಂಟಿಯಾಗಿಯೇ ಇತ್ತು. ಇಂಥ ಹಾದಿಗಳಿಗೆಂದು ಬಂದದ್ದು ನೀಲ್ ಎಂಬವರ ಹೆಸರಿನ ಟೋಕನ್ ಯಂತ್ರ. ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ, ಒಳಗೆ ಲೋಹದ ಗುಂಡುಗಳು. ಎರಡೂ ಯಂತ್ರಗಳು ವಿದ್ಯುತ್ ತಂತಿಯಿಂದ ಕೂಡಿರುತ್ತವೆ. ಆಚೆಯವರು ಒಪ್ಪಿದರೆ ಈಚೆ ಒಂದು ಗುಂಡು ಹೊರಬರುತ್ತದೆ. ಅದು ಹೊರಗಿರುವಷ್ಟು ಹೊತ್ತು ಎರಡು ಯಂತ್ರಗಳಲ್ಲಿ ಯಾವುದರಿಂದಲೂ ಇನ್ನೊಂದು ಗುಂಡು ಬಾರದು. ಆ ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ ಚಾಲಕರಿಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದ, ಎಂಜಿನ್ನಿನಿಂದ ಬಾಗಿದವನು ತೋಳು ತೂರಿಸಿ ಕಸಿದುಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ಇದನ್ನು ನೋಡಿದವರು ಮರೆತಿರಲಾರರು. ಕೈಯಲ್ಲಿ ಗುಂಡಿಲ್ಲದ ಚಾಲಕ ಸೆಕ್ಷನ್ನಿಗೆ ಇಳಿಯುವಂತಿರಲಿಲ್ಲ.

ಟೆಲಿಫೋನಿಗಿಂತ ಮೊದಲು ಈ ಮಾತುಗಳು ತಂತಿಯಲ್ಲಿ ಹೋಗುತ್ತಿದ್ದವು. ರೈಲ್ವೆಯಲ್ಲಿ ಸಿಗ್ನಲರ್ ಎಂದರೆ ಕೈಮರ ಎಳೆಯುವವನಲ್ಲ, ಮೋರ್ಸ್ ಸಂಕೇತದಲ್ಲಿ ತಂತಿ ಕುಟ್ಟುವ ನೌಕರ. ದಂಡಿನ ಆಂಗ್ಲೋ ಇಂಡಿಯನ್ ಕುಟುಂಬಗಳಿಗೂ ರೈಲ್ವೆ ಮತ್ತು ತಂತಿ ಇಲಾಖೆಗೂ ಇದ್ದ ನಂಟು ಹಳೆಯದು. ಆ ಜನ ನೆಲೆಸಲೆಂದು 1882ರಲ್ಲಿ ಆರಂಭವಾದ ವೈಟ್‌ಫೀಲ್ಡ್ ಕೂಡ ಇದೇ ಹಳಿಯ ಪಕ್ಕದಲ್ಲಿದೆ. ಟೆಲಿಫೋನು ಬಂದ ಮೇಲೆ ಕಟಕಟೆ ಯಂತ್ರ ಹಿಂದೆ ಸರಿಯಿತು. ಕೃಷ್ಣರಾಜಪುರದ ಹತ್ತಿರ ದೂರವಾಣಿನಗರ ಎಂದು ಒಂದು ಬಡಾವಣೆಗೇ ಹೆಸರು ಬಂದದ್ದು 1948ರಲ್ಲಿ ಅಲ್ಲಿ ತೊಡಗಿದ ಟೆಲಿಫೋನ್ ಕಾರ್ಖಾನೆಯಿಂದ. ಸಾರ್ವಜನಿಕರ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತುಹೋಯಿತು.

ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು? ಅದಕ್ಕೊಂದು ಸರಳ ಉಪಾಯವಿದೆ. ಪ್ರತಿ ಸ್ಟೇಷನ್ ಮಾಸ್ತರ ಬಳಿ ಎರಡಂಕಿಯ ಸಂಖ್ಯೆಗಳನ್ನು ಅಡ್ಡಾದಿಡ್ಡಿಯಾಗಿ ಅಚ್ಚು ಹಾಕಿದ ಹಾಳೆ ಇರುತ್ತದೆ. ಮಾತು ಕೊಡುವಾಗ ಅದರಿಂದ ಒಂದು ಸಂಖ್ಯೆಯನ್ನು ಹೇಳಿ, ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಕೇಳಿದವರು ಅದನ್ನು ಹಿಂದಿರುಗಿ ಹೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ‘ಆಯಿತು ಸಾರ್, ಆಗಲೇ ಹೇಳಿದೆನಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಸಂಖ್ಯೆ ಬಂದಿದೆಯೇ? ಬಂದಿದ್ದರೆ ಒಪ್ಪಿಗೆ ಇದೆ, ಇಲ್ಲದಿದ್ದರೆ ಇಲ್ಲ. ಸಿಗ್ನಲಿಗೆ ಜೋಡಿಸದ ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಕಾಯುವವನೂ ಹೀಗೆಯೇ. ಗೇಟು ಮುಚ್ಚಿ ಬೀಗ ಹಾಕಿದ ಮೇಲೆ ತನ್ನ ಹಾಳೆಯ ಒಂದು ಸಂಖ್ಯೆಯನ್ನು ಮಾಸ್ತರಿಗೆ ಹೇಳುತ್ತಾನೆ. ಕೃಷ್ಣರಾಜಪುರದಲ್ಲಿ ಹಳೇ ಮದ್ರಾಸ್ ರಸ್ತೆಯ ಮೇಲೆ 2003ರಲ್ಲಿ ತೂಗುಸೇತುವೆ ತೆರೆಯುವ ಮೊದಲು ಅಲ್ಲಿನ ಗೇಟಿನ ಮುಂದೆ ಲಾರಿ, ಬಸ್ಸುಗಳ ಸಾಲಿನಲ್ಲಿ ಕಾದು ಬೈದುಕೊಂಡವರು ನಿಮ್ಮಲ್ಲಿ ಇರಬಹುದು. ಗಾಡಿ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಆಗಲೇ ಗೇಟು ಹಾಕಿದನಲ್ಲ ಎಂಬುದು ಎಲ್ಲ ಗೇಟುಗಳ ಮುಂದೆಯೂ ಕೇಳುವ ದೂರು. ಗೇಟು ಮುಚ್ಚದೆ ಸಿಗ್ನಲ್ ಬೀಳದು, ಸಿಗ್ನಲ್ ಬೀಳದಿದ್ದರೆ ದೂರದಲ್ಲೇ ಗಾಡಿ ಬ್ರೇಕು ಹಾಕಬೇಕಾಗುತ್ತದೆ. ಅದಕ್ಕಾಗಿ ಮುಂಚಿತವಾಗಿಯೇ ಮುಚ್ಚಬೇಕು.

ಹೇಳಿದ್ದನ್ನು ತಿರುಗಿ ಹೇಳಿಸಿಕೊಳ್ಳುವ ಈ ಶಿಸ್ತು ಹಡಗಿನವರದೂ ಹೌದು. ಒಂದು ಹಡಗು ಬಾವುಟಗಳ ಸಾಲನ್ನು ಏರಿಸಿದರೆ, ನೋಡಿದ ಹಡಗು ಉತ್ತರದ ಪತಾಕೆಯನ್ನು ಹಗ್ಗದ ಅರ್ಧಕ್ಕೆ ಏರಿಸುತ್ತದೆ: ‘ಕಂಡೆ’. ಅರ್ಥ ತಿಳಿದ ಮೇಲೆ ತುದಿಯವರೆಗೆ ಏರಿಸುತ್ತದೆ: ‘ತಿಳಿದೆ’. ಕಂಡದ್ದು ಬೇರೆ, ತಿಳಿದದ್ದು ಬೇರೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಭಾಷೆ ನಮ್ಮ ಕಚೇರಿಗಳಲ್ಲೂ ಇದ್ದಿದ್ದರೆ! ಅಂತರರಾಷ್ಟ್ರೀಯ ಸಂಕೇತದಲ್ಲಿ ‘ಎನ್’ ಮತ್ತು ‘ಸಿ’ ಬಾವುಟಗಳು ಒಟ್ಟಿಗೆ ಹಾರಿದರೆ ಹಡಗು ಆಪತ್ತಿನಲ್ಲಿದೆ ಎಂದರ್ಥ. ‘ಯು’ ಒಂದೇ ಹಾರಿದರೆ ‘ನೀವು ಅಪಾಯದತ್ತ ಸಾಗುತ್ತಿದ್ದೀರಿ’ ಎಂದು. ಸಮುದ್ರದ ಆಪತ್ಕರೆಗೆ ಮೋರ್ಸ್ ಸಂಕೇತದ ಕಾಲ 1999ರ ಫೆಬ್ರವರಿ 1ರಂದು ಉಪಗ್ರಹ ಆಧಾರಿತ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಾಗ ಮುಗಿಯಿತು. ಆದರೆ ರೇಡಿಯೊ ಹಚ್ಚಿದರೆ ಶತ್ರುವಿಗೂ ಸುಳಿವು ಸಿಗುತ್ತದೆ. ಆದ್ದರಿಂದ ನೌಕಾಪಡೆಗಳು ಬಾವುಟವನ್ನೂ ದೀಪವನ್ನೂ ಬಿಟ್ಟುಕೊಟ್ಟಿಲ್ಲ. ನಮ್ಮ ಹಲಸೂರು ಕೆರೆಯ ನೆರೆಯಲ್ಲಿರುವ ಮದ್ರಾಸ್ ಸ್ಯಾಪರ್ಸ್‌ನಂಥ ಪಡೆಗಳಿಗೂ ಈ ವಿದ್ಯೆಗೂ ಹಳೆಯ ಸಂಬಂಧವಿದೆ. ಸೇನೆಯ ಸಿಗ್ನಲ್ ದಳ 1911ರ ಫೆಬ್ರವರಿ 15ರಂದು ಬೇರೆಯಾಗುವ ಮೊದಲು ತಂತಿಯ ಕೆಲಸ ಸ್ಯಾಪರ್ಸ್ ಪಡೆಗಳದೇ ಆಗಿತ್ತು.

ಇನ್ನೊಂದು ನಂಟೂ ಇದೆ. ಫ್ರಾನ್ಸಿನ ಕ್ಲೋಡ್ ಶಾಪ್ 1794ರಲ್ಲಿ ಗುಡ್ಡದಿಂದ ಗುಡ್ಡಕ್ಕೆ ಮರದ ತೋಳುಗಳನ್ನು ಆಡಿಸಿ ಸುದ್ದಿ ಕಳಿಸುವ ಸಾಲನ್ನು ನಡೆಸಿದ. 1816ರಲ್ಲಿ ಬ್ರಿಟಿಷ್ ನೌಕಾಪಡೆಯ ಹೋಮ್ ಪೊಪ್‌ಹ್ಯಾಮ್ ಎರಡು ಕೈಗಳುಳ್ಳ ಕಂಬವನ್ನು ರೂಪಿಸಿದ. 1840ರ ದಶಕದ ಆರಂಭದಲ್ಲಿ ಅಂಥದೇ ಕೈ ಲಂಡನ್ನಿನ ರೈಲು ಹಳಿಯ ಪಕ್ಕಕ್ಕೆ ಬಂತು. ಅದು ಕನ್ನಡ ನಾಡಿಗೆ ಬಂದಾಗ ನಮ್ಮ ಜನ ಪಂಡಿತರನ್ನು ಕೇಳಲಿಲ್ಲ. ಕೈ ಇರುವ ಮರ, ಕೈಮರ ಎಂದರು. ದಾರಿ ತೋರುವ ಕಂಬಕ್ಕೂ ಅದೇ ಹೆಸರು. ಚಿಕ್ಕಮಗಳೂರಿನ ಬಳಿ ಕೈಮರ ಎಂಬ ಊರೇ ಇದೆ.

ಕೈಮರದ ಕೈ ಅಡ್ಡ ಇದ್ದರೆ ನಿಲ್ಲು, ಇಳಿದರೆ ಹೋಗು. ಮುಂದೆ ಬಂದ ಇನ್ನೊಂದು ಬಗೆಯಲ್ಲಿ ಕೈ ಮೇಲಕ್ಕೇಳುತ್ತದೆ: ಅಡ್ಡ ಇದ್ದರೆ ನಿಲ್ಲು, ಅರ್ಧ ಎದ್ದರೆ ಎಚ್ಚರದಿಂದ ಬಾ, ನೆಟ್ಟಗೆ ನಿಂತರೆ ಸರಾಗವಾಗಿ ಹೋಗು. ಎರಡರಲ್ಲೂ ಒಂದು ಗುಟ್ಟು ಸಮಾನ. ಎಳೆಯುವ ತಂತಿ ಹರಿದುಹೋದರೆ ಕೈ ತನ್ನ ತೂಕದಿಂದಲೋ ಎದುರು ತೂಕದಿಂದಲೋ ತಾನಾಗಿ ಅಡ್ಡಕ್ಕೆ ಬಂದು ನಿಲ್ಲಬೇಕು. ಕೆಟ್ಟರೆ ‘ನಿಲ್ಲು’ ಎಂದೇ ಕೆಡಬೇಕು, ‘ಹೋಗು’ ಎಂದು ಕೆಡಬಾರದು. ಸನ್ನೆಗೋಲುಗಳ ಕ್ಯಾಬಿನ್ನಿನಲ್ಲಿ ನಿಲುಗಡೆಯ ಸಿಗ್ನಲಿಗೆ ಕೆಂಪು ಕೋಲು, ಹಳಿ ಕವಲೊಡೆಯುವ ಪಾಯಿಂಟಿಗೆ ಕಪ್ಪು, ಬೀಗಕ್ಕೆ ನೀಲಿ. ಕವಲು ಸರಿಯಾಗಿ ತಿರುಗಿ ಬೀಗ ಬೀಳುವವರೆಗೆ ಕೆಂಪು ಕೋಲು ಎಷ್ಟು ಎಳೆದರೂ ಬಾರದು. ಇದಕ್ಕೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಒಂದು ಕಾಲಕ್ಕೆ ಕಬ್ಬಿಣದ ಪಟ್ಟಿಗಳು ಮಾಡುತ್ತಿದ್ದ ಈ ಕೆಲಸವನ್ನು ಆಮೇಲೆ ವಿದ್ಯುತ್ ರಿಲೇಗಳು, ಅನಂತರ ಕಂಪ್ಯೂಟರುಗಳು ವಹಿಸಿಕೊಂಡವು. ನಮ್ಮ ಮೆಟ್ರೋದಲ್ಲಿ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರಿನ ಮೂಲಕ ಎಂ.ಜಿ. ರಸ್ತೆಗೆ ಓಡಿದ ಗಾಡಿಗೆ ಕೈಮರದ ಹಂಗೇ ಇರಲಿಲ್ಲ. ಎಷ್ಟು ವೇಗದಲ್ಲಿ ಹೋಗಬಹುದೆಂಬುದು ಚಾಲಕರ ಎದುರಿನ ಫಲಕದ ಮೇಲೇ ಮೂಡುತ್ತಿತ್ತು.

ಹಾಗಾದರೆ ಮನುಷ್ಯನ ಮಾತಿಗೆ ಇನ್ನು ಕೆಲಸವಿಲ್ಲವೇ? 2023ರಲ್ಲಿ ನಡೆದ ಎರಡು ಸಂಗತಿಗಳನ್ನು ನೋಡಿ.

ಮೊದಲನೆಯದು ನಮ್ಮ ನಾಡಿನಲ್ಲೇ, ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ, ಫೆಬ್ರವರಿ 8ರ ಸಂಜೆ. ದೆಹಲಿಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿನ ಚಾಲಕರಿಗೆ ಮುಂದೆ ಹೋಗಲು ಕಾಗದದ ಅನುಮತಿ ಸಿಕ್ಕಿತ್ತು. ಗಾಡಿ ಹೊರಟಿತು. ಆದರೆ ಮುಂದಿನ ಕವಲು ಬೇರೆ ಹಳಿಗೆ ತಿರುಗಿರುವುದು ಚಾಲಕರ ಕಣ್ಣಿಗೆ ಬಿತ್ತು, ಅಲ್ಲೇ ನಿಲ್ಲಿಸಿದರು. ಇಲ್ಲವಾಗಿದ್ದರೆ ಗೂಡ್ಸ್ ಗಾಡಿಯೊಂದಕ್ಕೆ ಮುಖಾಮುಖಿ ಡಿಕ್ಕಿಯಾಗುವ ಸಂಭವವಿತ್ತು. ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದು, ಇದು ವ್ಯವಸ್ಥೆಯ ಗಂಭೀರ ಲೋಪವೆಂದೂ ಸರಿಪಡಿಸದಿದ್ದರೆ ದೊಡ್ಡ ಅಪಘಾತಕ್ಕೆ ದಾರಿಯೆಂದೂ ಎಚ್ಚರಿಸಿದರು.

ನಾಲ್ಕು ತಿಂಗಳೂ ಕಳೆಯಲಿಲ್ಲ. ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಿಂದ ಗಾಡಿಗಳನ್ನು ಬಿಡತೊಡಗಿದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೌರಾಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್ ಜೂನ್ 2ರ ಸಂಜೆ ಒಡಿಶಾದ ಬಹನಗಾ ಬಜಾರ್ ನಿಲ್ದಾಣವನ್ನು ದಾಟುತ್ತಿತ್ತು. ಎದುರು ದಿಕ್ಕಿನಲ್ಲಿ ಪಕ್ಕದ ಹಳಿಯ ಮೇಲೆ ಚೆನ್ನೈಗೆ ಹೋಗುವ ಕೋರಮಂಡಲ ಎಕ್ಸ್‌ಪ್ರೆಸ್. ಅದಕ್ಕೆ ಮುಖ್ಯ ಹಳಿಯಲ್ಲಿ ನೇರವಾಗಿ ಹೋಗಲು ಹಸಿರು ದೀಪವಿತ್ತು. ಕವಲು ಮಾತ್ರ ಪಕ್ಕದ ಹಳಿಗೆ ತಿರುಗಿತ್ತು. ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಕೋರಮಂಡಲ ಬಡಿಯಿತು. ಚದುರಿದ ಬೋಗಿಗಳು ಬೆಂಗಳೂರಿನಿಂದ ಹೋಗಿದ್ದ ಗಾಡಿಯ ಕೊನೆಯ ಬೋಗಿಗಳಿಗೆ ತಾಗಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಹೊರಬಿದ್ದದ್ದು ಇದು: ಸಿಗ್ನಲಿನ ತಂತಿಗಳ ಜೋಡಣೆಯನ್ನು ಹಿಂದೊಮ್ಮೆ ಬದಲಿಸುವಾಗ ಆದ ತಪ್ಪು, ಮತ್ತು ಆ ದಿನ ಲೆವೆಲ್ ಕ್ರಾಸಿಂಗಿನ ಗೇಟಿನ ಕೆಲಸ ಮಾಡುವಾಗ ಆದ ತಪ್ಪು. ಕವಲು ಒಂದು ಕಡೆ ಇರುವಾಗ ಇನ್ನೊಂದು ಕಡೆ ಇದೆ ಎಂದು ಯಂತ್ರ ತಿಳಿಯಿತು. ಯಂತ್ರ ಸುಳ್ಳು ಹೇಳಲಿಲ್ಲ. ಅದಕ್ಕೆ ಸುಳ್ಳು ಹೇಳಲಾಗಿತ್ತು. ಡಿಕ್ಕಿ ತಡೆಯಲೆಂದು ನಮ್ಮವರು ರೂಪಿಸಿದ ‘ಕವಚ’ ವ್ಯವಸ್ಥೆಯೂ ಸಿಗ್ನಲ್ ಹೇಳಿದ್ದನ್ನೇ ನಂಬಿ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೂ ನಿಯಮವಿದೆ, ಹೊಸದೇನಲ್ಲ. ಸಿಗ್ನಲ್ ದುರಸ್ತಿ ಮಾಡುವವರು ಒಂದು ತಂತಿಯನ್ನು ಮುಟ್ಟುವ ಮೊದಲು ಸ್ಟೇಷನ್ ಮಾಸ್ತರಿಗೆ ಲಿಖಿತವಾಗಿ ತಿಳಿಸಿ ಅವರ ಸಹಿ ಪಡೆಯಬೇಕು. ಅಷ್ಟು ಹೊತ್ತು ಆ ಸಿಗ್ನಲು ಕೆಟ್ಟಿದೆ ಎಂದೇ ಲೆಕ್ಕ. ಗಾಡಿಗಳನ್ನು ನಿಲ್ಲಿಸಿ, ಕವಲನ್ನು ಕಣ್ಣಾರೆ ನೋಡಿ, ಕಾಗದ ಬರೆದುಕೊಟ್ಟು ಬಿಡಬೇಕು. ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಪರೀಕ್ಷಿಸಿ ಮತ್ತೆ ಸಹಿ ಹಾಕಬೇಕು. ರಿಲೇ ಕೊಠಡಿಗೆ ಎರಡು ಬೀಗ: ಒಂದರ ಕೈ ಮಾಸ್ತರ ಬಳಿ, ಇನ್ನೊಂದು ದುರಸ್ತಿಯವರ ಬಳಿ. ಮತ್ತೆ ಅದೇ ಹಳೆಯ ಸೂತ್ರ, ಒಬ್ಬರ ಅವಸರಕ್ಕೆ ಇನ್ನೊಬ್ಬರ ಬೀಗ. ಕಷ್ಟವೆಂದರೆ ಈ ಕಾಗದಗಳಿಂದ ಗಾಡಿಗಳು ತಡವಾಗುತ್ತವೆ. ತಡವಾದರೆ ಮೇಲಿನವರು ಕೇಳುತ್ತಾರೆ, ಪ್ರಯಾಣಿಕರು ಕೂಗುತ್ತಾರೆ. ದಂಡಿನ ಹೊರವಲಯದಲ್ಲಿ ಗಾಡಿ ನಿಂತಾಗ ಕೂಗುವವರಲ್ಲಿ ನಾನೂ ಒಬ್ಬ. ನಿಯಮದ ಪುಸ್ತಕದ ಒಂದೊಂದು ಸಹಿಯ ಜಾಗದ ಹಿಂದೆಯೂ ಎಲ್ಲೋ ಒಂದು ಅರ್ಮಾ ಇದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ?

ಮುಂದಿನ ಸಲ ದಂಡಿನ ನಿಲ್ದಾಣದಲ್ಲಿ ನಿಂತಾಗ ನಿಲ್ಲದೆ ಓಡುವ ಗಾಡಿಯೊಂದು ಬಂದರೆ, ಗಾಡಿಯನ್ನು ಬಿಟ್ಟು ಪ್ಲಾಟ್‌ಫಾರ್ಮಿನ ಮೇಲೆ ಹಸಿರು ಬಾವುಟ ಹಿಡಿದವರನ್ನು ನೋಡಿ. ಎಂಜಿನ್ ದಾಟಿದರೂ ಅವರು ಒಳಗೆ ಹೋಗುವುದಿಲ್ಲ. ಪ್ರತಿಯೊಂದು ಬೋಗಿಯ ಗಾಲಿ, ಬಾಗಿಲು, ನೇತಾಡುವ ಸರಪಳಿ, ಹೊಗೆ ಇವುಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಏನಾದರೂ ಕಂಡರೆ ಬಾವುಟ ಕೆಂಪಾಗುತ್ತದೆ; ಕೆಂಪು ಬಾವುಟ ಕೈಗೆ ಸಿಗದಿದ್ದರೆ ಎರಡು ತೋಳುಗಳನ್ನೂ ತಲೆಯ ಮೇಲೆ ಎತ್ತಿದರೆ ಸಾಕು, ಅದೂ ನಿಲ್ಲು ಎಂಬ ಸಂಕೇತವೇ. ಕೊನೆಯ ಬೋಗಿಯ ಹಿಂಬದಿಯಲ್ಲಿ ಇಂಗ್ಲಿಷಿನ ‘ಎಲ್‌ವಿ’ ಎಂಬ ಎರಡಕ್ಷರದ ಸಣ್ಣ ಫಲಕ ತೂಗುತ್ತಿರುತ್ತದೆ, ರಾತ್ರಿಯಾದರೆ ಕೆಂಪು ದೀಪ. ಕೊನೆಯ ವಾಹನ ಎಂದು ಅದರರ್ಥ. ಅದು ಕಾಣದಿದ್ದರೆ ಗಾಡಿಯ ಬಾಲ ಎಲ್ಲೋ ಹಿಂದೆ ಕಳಚಿ ಉಳಿದಿರಬಹುದು, ಹಳಿ ಖಾಲಿಯಾಗಿಲ್ಲ. ಗಾಲಿಗಳನ್ನು ಎಣಿಸುವ ಯಂತ್ರ ಇಲ್ಲದ ಕಡೆ ಆ ಫಲಕವನ್ನು ಕಣ್ಣಾರೆ ಕಂಡ ಮೇಲೆಯೇ ಮಾಸ್ತರು ಒಳಗೆ ಹೋಗಿ, ಹಿಂದಿನ ನಿಲ್ದಾಣಕ್ಕೆ ನಾಲ್ಕು ಗಂಟೆ ಬಡಿಯುತ್ತಾರೆ.